ಕಾಣೆ

ಒಂಬತ್ತು ವರ್ಷ ಆ ಪುಟದಲ್ಲಿ ಮೀನಿನ ಹೆಸರು ಬರೆದೆ.
ಬೂತಾಯಿ, ತಾರ್ಲೆ, ಬೈಗೆ, ಮತ್ತಿ:
ಒಂದೇ ಮೀನು, ಬಂದರದ ನಾಲ್ಕು ಬಾಯಲ್ಲಿ ನಾಲ್ಕು.
ಒಂದು ಬುಧವಾರ ಬೆಳಿಗ್ಗೆ ಪುಟವೇ ಕಾಣೆ.
'ನಿಯಮ ಮೀರಿದ್ದೀರಿ.' ಯಾವ ನಿಯಮ?
ಕೇಳೋಣವೆಂದರೆ ಕಿಟಕಿ ಇಲ್ಲ, ಗುಮಾಸ್ತನಿಲ್ಲ,
ತಟ್ಟೋಣವೆಂದರೆ ಬಾಗಿಲಿಲ್ಲ.
ಬಾಡಿಗೆ ಇಲ್ಲದ ಮನೆ ಎಂದು ಕುಳಿತಿದ್ದೆ;
ಬಾಡಿಗೆಗೆ ನನ್ನನ್ನೇ ಕೊಡುತ್ತಿದ್ದೆ.

ವಾರಿಜಾ ಮಲ್ಯ ನಕ್ಕಳು.
ಕಂಕನಾಡಿಯಲ್ಲಿ, ಫ್ಯಾನು ಮಿಕ್ಸಿ ರಿಪೇರಿಯ
ತಮ್ಮನ ಅಂಗಡಿಯ ಅಟ್ಟದ ಮೇಲೆ
ಕೀಲಿಮಣೆ ಮುರಿದ ಲ್ಯಾಪ್‌ಟಾಪೊಂದು ಹಗಲಿರುಳು ಗುಂಯ್‌ಗುಡುತ್ತಿತ್ತು.
"ಇದು ನಮ್ಮ ಸರ್ವರ್. ಇನ್ನೂರ ಹನ್ನೊಂದು ಜನ.
ಮಲ್ಪೆಯಲ್ಲಿ ಬಲೆ ಹೆಣೆಯುವ ತಿಂಗಳಾಯರದ್ದು ಇನ್ನೊಂದು,
ಉಳ್ಳಾಲದ ಬ್ಯಾರಿ ಹುಡುಗಿಯರದ್ದು ಮತ್ತೊಂದು."
ಅಲ್ಲಿಂದ ಇಲ್ಲಿಗೆ ಮಾತು ದಾಟುವುದು ಹೇಗೆ?
ಅವಳು ಕೆಳಗಿನ ರಸ್ತೆಗೆ ಗಲ್ಲ ತೋರಿಸಿದಳು.

ಸಿಟಿ ಬಸ್ಸು. ಬಣ್ಣ ಬೇರೆ, ಧಣಿ ಬೇರೆ,
ಗಾಜಿನ ಮೇಲಿನ ದೇವರು ಬೇರೆ,
ನಂಬರು ಮಾತ್ರ ಒಂದೇ, ಸ್ಟಾಪು ಒಂದೇ,
ಎರಡು ಸೀಟಿಗೆ ಎಲ್ಲ ಡ್ರೈವರಿಗೂ ಅರ್ಥ ಒಂದೇ.
ಅಷ್ಟು ಒಪ್ಪಿದರೆ ಸಾಕು,
ಊರು ಓಡಾಡುತ್ತದೆ.
ರೈಟ್, ಪೋಯಿ.

ಸುಲಭ ಎನ್ನಲಾರೆ.
ಕರೆಂಟು ಬಿಲ್ಲಿಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಚಿಲ್ಲರೆ.
ಎಲ್ಲಿಯದೋ ಸರ್ವರಿನಿಂದ ಹೊಲಸು ಹರಿದು ಬಂದ ರಾತ್ರಿ
ಎರಡು ಗಂಟೆಯವರೆಗೆ ಕೂತು, ಅತ್ತಲಿನ ಕದ ಹಾಕಿದಳು.
ಮಲ್ಪೆಯವರು ತೆರೆದೇ ಇಟ್ಟರು.
ಅದು ಅವರ ಲೆಕ್ಕ.

ಆಮೇಲೆ ನನ್ನದೇ ಒಂದು ಬೈಗುಳ ಅಳಿಸಿದಳು.
"ನನ್ನ ಅಟ್ಟ, ನನ್ನ ನಿಯಮ."
ಅರೆ, ಇವಳೂ ಧಣಿಯೇ!
ಆದರೆ ಈ ಧಣಿಯ ಮನೆ ಗೊತ್ತು.
ಮೆಟ್ಟಿಲು ಹತ್ತಿ ಹೋಗಿ ಎದುರೇ ಬೈದೆ.
ಅವಳೂ ಬೈದಳು. ಚಾ ಕೊಡಲಿಲ್ಲ.
ಗಂಟು ಕಟ್ಟಿ ಮಲ್ಪೆಯ ಸರ್ವರಿಗೆ ಹೊರಟೆ.
ಹಳೆಯ ಮಾತೆಲ್ಲ ಕಂಕನಾಡಿಯ ಅಟ್ಟದಲ್ಲೇ ಉಳಿಯಿತು,
ಜನ ಮಾತ್ರ ಹಿಂಬಾಗಿಲಲ್ಲಿ ಹತ್ತಿ
ನನ್ನ ಹಿಂದೆಯೇ ಬಂದರು.

ನಿನ್ನೆ ರಾತ್ರಿ ಮಲ್ಪೆಯಿಂದ ಕೇಳಿದೆ:
'ಕಾಣೆಗೆ ಕೊಂಕಣಿಯಲ್ಲಿ ಏನು ಹೆಸರು?'
ಹೆಸರು ಹಾಕಿ ಕೇಳಲಿಲ್ಲ. ಗೊತ್ತಲ್ಲ ಅವಳಿಗೆ.
ಕಂಕನಾಡಿಯಲ್ಲಿ ಕರೆಂಟಿಲ್ಲ.
ಪ್ರಶ್ನೆ ಹೊರಗೆ ನಿಂತು, ಆಗಾಗ ಬಂದು ತಟ್ಟಿ,
ಮತ್ತೆ ಹೋಗಿ ನಿಂತು, ಕಾಯಿತು.

ನಾಲ್ಕೂ ಹತ್ತಕ್ಕೆ ಉತ್ತರ:
'ನೊಗ್ಲಿ.'
ಅದರ ಕೆಳಗೆ ಇನ್ನೊಂದು ಸಾಲು:
'ಕಾಣೆಯಾದದ್ದು ನೀನು.'