ಷರಾ

ಕಾಗದದಲ್ಲಿ ಈ ಕಾರಿಗೆ ಬಾಗಿಲು ನಾಲ್ಕು.
ಹಿಂದಿನ ಎಡಗಡೆಯದು ಒಳಗಿನಿಂದ ತೆರೆಯುವುದಿಲ್ಲ,
ಹಾಗಾಗಿ ಮೂರೂವರೆ ಅನ್ನಿ.
ಎಂಜಿನ್ನು ಎಂಟುನೂರು ಸೀಸಿ.
ಭಾವನ ಬುಲೆಟ್ಟು ಎರಡನ್ನು ಕಟ್ಟಿದರೆ
ಹೆಚ್ಚುಕಮ್ಮಿ ಇದೇ.

ಕುಲಶೇಖರದ ಗ್ರೇಷಿಯನ್ ಪಿಂಟೊ ಅವರಿಂದ ತಗೊಂಡದ್ದು.
ಬಂದರಿನ ವೇ ಬ್ರಿಜ್ಜಿನಲ್ಲಿ ಮೂವತ್ತು ವರ್ಷ
ಲಾರಿಯನ್ನು ತುಂಬಿಸಿ ತೂಗಿ, ಖಾಲಿ ಮಾಡಿ ತೂಗಿ,
ವ್ಯತ್ಯಾಸ ಬರೆದು ಸಹಿ ಹಾಕಿದವರು.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕಿರುಪುಸ್ತಕ ಒಂದಿತ್ತು:
ತಾರೀಕು, ಲೀಟರು, ಕಿಲೋಮೀಟರು, ಷರಾ.
"ಬಿಸಾಡ್ಬೇಡಿ ಅಕ್ಕ, ಗಾಡಿಯ ನಾಡಿ ಅದರಲ್ಲುಂಟು."

ಬಿಸಾಡುವುದು ಎಂಥ!
ನಾನು ಹಂಪನಕಟ್ಟೆಯ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು.
ಅರ್ಧ ಮಿಲಿಮೀಟರು ಏರಿದರೆ
ಎಲ್ಲಿಯೋ ಒಬ್ಬರಿಗೆ ಚಕ್ಕುಲಿ ತಪ್ಪುತ್ತದೆ.

ಏಳೂಕಾಲಕ್ಕೆ ಹಳೆಯಂಗಡಿ ಬಿಟ್ಟರೆ
ಮುಕ್ಕದ ಹತ್ತಿರ ಕಡಲಿನ ಗಾಳಿ ಒಮ್ಮೆ ಮುಟ್ಟಿ ಹೋಗುತ್ತದೆ,
ಸುರತ್ಕಲ್ಲಿನಿಂದ ಟ್ಯಾಂಕರು ಶುರು.
ಮುಂದೆ ಟ್ಯಾಂಕರು, ಹಿಂದೆ ಟ್ಯಾಂಕರು,
ನಡುವೆ ನಾನು, ಏಲಕ್ಕಿ ಕಾಳು.
ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತು
ನನ್ನ ಮಾಡಿಗೆ ಎರಡು ತಟ್ಟುತ್ತಾನೆ:
ರೈಟ್, ಪೋಯಿ.

ಆಚೆ ರಿಫೈನರಿಯ ಚಿಮಣಿಯ ತುದಿಯಲ್ಲಿ
ಹಗಲೂ ಇರುಳೂ ಉರಿಯುವ ಬೆಂಕಿ
ಒಂದು ಸಲ ನಾಲಿಗೆ ಚಾಚಿ ನುಂಗುವಷ್ಟನ್ನು
ನನ್ನ ಗಾಡಿ ಇಡೀ ಜನ್ಮದಲ್ಲಿ ಕುಡಿದು ಮುಗಿಸದು.
ಆದರೂ ಇಳಿಜಾರು ಬಂದರೆ ಕಾಲು ತಾನಾಗಿ ಏಳುತ್ತದೆ,
ಕೊಟ್ಟಾರದ ಸಿಗ್ನಲ್ಲಿನಲ್ಲಿ ಕೀ ತಿರುಗಿಸಿ ಆರಿಸುತ್ತೇನೆ.
ಅನ್ನ ಬೆಂದ ಕೂಡಲೇ ಅಮ್ಮ
ಕೊಳ್ಳಿಯನ್ನು ಒಲೆಯಿಂದ ಹೊರಗೆಳೆದು
ನೀರು ಚಿಮುಕಿಸಿ ನಾಳೆಗೆ ಇಡುತ್ತಿದ್ದಳು.
ಆ ಕೈ ನನ್ನಲ್ಲಿ ಪಾದಕ್ಕೆ ಇಳಿದಿದೆ.

ಪಿಂಟೊ ಅವರ ಅಕ್ಷರ ಇರುವೆ ಸಾಲು.
ಇಪ್ಪತ್ತು. ಇಪ್ಪತ್ತು ಪಾಯಿಂಟ್ ಮೂರು.
"ಟಯರಿಗೆ ಗಾಳಿ ಕಮ್ಮಿ. ನನ್ನದೇ ತಪ್ಪು."
"ಸೆವ್ರಿನ್‌ಗೆ ಸೆಕೆ. ಏಸಿ ಹಾಕಿದೆ. ಹದಿನೇಳು."
ಮುಂದಿನ ವಾರವೂ ಹದಿನೇಳು. ಅದರ ಮುಂದೆಯೂ.
"ಕಂಕನಾಡಿ ಆಸ್ಪತ್ರೆ, ನಾಲ್ಕು ಸಲ. ಏಸಿ."
ಆಮೇಲೆ, ಪುಟ ಮಗುಚಿದರೆ,
ಇಪ್ಪತ್ತೆರಡು ಪಾಯಿಂಟ್ ಎಂಟು.
ಪುಸ್ತಕದಲ್ಲೇ ಎಲ್ಲಕ್ಕಿಂತ ಹೆಚ್ಚು.
ಷರಾ ಇಲ್ಲ.

ಆ ಅಂಕಿಯನ್ನು ಮುಟ್ಟಲು ನಾನು ಎರಡು ತಿಂಗಳು ಒದ್ದಾಡಿದೆ.
ಡಿಕ್ಕಿಯಿಂದ ಜಾಕು ತೆಗೆದೆ, ಕೊಡೆ ತೆಗೆದೆ,
ಬಿಸ್ಲೇರಿ ಬಾಟ್ಲಿಯನ್ನೂ ತೆಗೆದೆ,
ಪ್ಲಗ್ಗು ಉಜ್ಜಿಸಿದೆ, ಹಳೆಯಂಗಡಿಯ ಮೆಕ್ಯಾನಿಕ್ ಹಮೀದ್ ನಕ್ಕ:
"ಇನ್ನು ನೀವೇ ಇಳಿಯಬೇಕು ಅಷ್ಟೇ."

ಕೂಳೂರು ಸಂಕದ ಮೇಲೆ
ಮುಕ್ಕಾಲು ಗಂಟೆ ಬ್ಲಾಕಾದ ದಿನ
ಸುಮ್ಮನೆ ಪುಸ್ತಕ ತೆಗೆದು ತೊಡೆಯ ಮೇಲಿಟ್ಟಿದ್ದೆ.
ಕಾರು ಕೊಡುವಾಗ ಅವರು
ಪಕ್ಕದ ಸೀಟನ್ನು ಒಂದಿಷ್ಟು ಹಿಂದೆ ತಳ್ಳಿ,
ಮತ್ತೆ ಮುಂದೆ ಎಳೆದು,
ಇದ್ದಲ್ಲೇ ಬಿಟ್ಟದ್ದು ನೆನಪಾಯಿತು.
ತುಂಬಿಸಿ ತೂಗಿ, ಖಾಲಿ ಮಾಡಿ ತೂಗಿ.
ಹಿಂದಿನವರು ಹಾರ್ನು ಹಾಕುವವರೆಗೆ
ಮುಂದೆ ದಾರಿ ಬಿಟ್ಟದ್ದೂ ಗೊತ್ತಾಗಲಿಲ್ಲ.

ಜಾಕು ವಾಪಾಸು ಹಾಕಿದೆ. ಕೊಡೆಯೂ.

ಮರುದಿನವೇ ಏನಲ್ಲ, ಒಂದು ಶುಕ್ರವಾರ
ಮುಕ್ಕದಲ್ಲಿ ಬಸ್ಸು ತಪ್ಪಿದ ದೇವಕ್ಕೆ ಕೈ ಅಡ್ಡ ಹಾಕಿದಳು.
ಟಬ್ಬು ಡಿಕ್ಕಿಯಲ್ಲಿ ಹಿಡಿಯದೆ ಬಾಗಿಲು ಹಗ್ಗದಲ್ಲಿ ಕಟ್ಟಿ,
ಬೈಕಂಪಾಡಿಯಲ್ಲಿ ಮೈಮೂನಾ ಹತ್ತಿ ಮೂಗು ಮುಚ್ಚಿ,
ದುಪಟ್ಟಾದೊಳಗೇ ಬಂಗುಡೆಯ ರೇಟು ಕೇಳಿ,
ಅಲ್ಲಿಂದ ಉರ್ವ ಮಾರ್ಕೆಟ್ಟಿನ ತನಕ
ನೂರಕ್ಕೆ ನಾಲ್ಕೋ ಐದೋ ಎಂಬ ಜಗಳ.
ಗಾಡಿ ಲೇಡಿಹಿಲ್ಲಿನ ಏರಿನಲ್ಲಿ ಎರಡನೇ ಗೇರಿಗೆ ಬಿದ್ದು
ಹೆರಿಗೆಗೆ ಹೊರಟವಳ ಹಾಗೆ ಏದುಸಿರು ಬಿಟ್ಟಿತು.

ಆ ವಾರ: ಹದಿನೆಂಟು ಪಾಯಿಂಟ್ ಎರಡು.
ಷರಾ: ದೇವಕ್ಕೆ. ಬಂಗುಡೆ, ಒಂದು ಟಬ್ಬು. ಮೈಮೂನಾ. ಏಸಿ.

ನಾತ ಇನ್ನೂ ಹೋಗಿಲ್ಲ.
ಹಿಂದೆ ಕುಳಿತವರಿಗೆ ಇಳಿಯಲು
ನಾನೇ ಇಳಿದು ಸುತ್ತು ಬಂದು ಬಾಗಿಲು ತೆರೆಯಬೇಕು;
ರಿಪೇರಿಗೆ ಆರುನೂರು ಹೇಳಿದ್ದಾನೆ ಹಮೀದ್.
ನೋಡುವ, ಮುಂದಿನ ತಿಂಗಳು.