ನಡುವಿನ ನೂರಾ ಮೂರು

ಅಸಲ್ಫಾ ಗುಡ್ಡದ ಮೇಲೆ, ನೀರಿನ ಪೈಪಿಗೆ ಜೋತುಬಿದ್ದು
ನೂರಾ ಹದಿನಾರು ಮೆಟ್ಟಿಲು ಏರುವ ಕರಿ ವಯರು
ಮುಗಿಯುವಲ್ಲಿ ನಿಂಬೆವ್ವನ ಖೋಲಿ.
ಕೆಳಗೆ ಮೀಟರು. ಮೀಟರಿನ ಪಕ್ಕ ಖುರ್ಚಿ.
ಖುರ್ಚಿಯಲ್ಲಿ ಧನಾಜಿ ಶೇಟು.

ಇಸ್ತ್ರಿಪೆಟ್ಟಿಗೆಯ ಬೆನ್ನಿನ ತಗಡಿನಲ್ಲಿ ಬರೆದಿದೆ:
ಏಳುನೂರಾ ಐವತ್ತು ವಾಟ್.
ಶೇಟು ಅದನ್ನೇ ಗಂಟೆಗೆ ಗುಣಿಸಿ, ತಿಂಗಳಿಗೆ ಗುಣಿಸಿ
ಚೀಟಿ ಕಳಿಸುತ್ತಾನೆ.
"ಸಾಡೇಸಾತ್‌ಶೇ, ಬಾಯಿ. ಕಂಪನಿಯವರೇ ಬರೆದದ್ದು."
ಅವಳ ಕಿವಿಗೆ ಅದು ಸಾಡೇಸಾತಿ ಎಂದೇ ಕೇಳಿಸಿ
ಎರಡು ಶನಿವಾರ ಎಳ್ಳೆಣ್ಣೆ ಸುಟ್ಟು
ಮೂರನೆಯ ಶನಿವಾರ ನನ್ನನ್ನು ಕರೆದಳು.

ನಾನು ಕುಂದಾಪುರ ಕಡೆಯವನು.
ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು
ರಾತ್ರಿ ಕೋಟೆಯ ಕನ್ನಡ ಶಾಲೆಯಲ್ಲಿ ತೂಕಡಿಸಿ ಕಲಿತದ್ದರಲ್ಲಿ
ಉಳಿದದ್ದು ಒಂದೇ ಪಾಠ.
ವೋಲ್ಟನ್ನು ಆಂಪಿಯರಿನಿಂದ ಭಾಗಿಸು, ಅದು ರೋಧ.
ಅವೇ ಎರಡನ್ನು ಗುಣಿಸು, ಅದು ಸಾಮರ್ಥ್ಯ.
ಇಷ್ಟರಲ್ಲೇ ಇಪ್ಪತ್ತೆರಡು ವರ್ಷ ಹೊಟ್ಟೆ ಹೊರೆದಿದ್ದೇನೆ.

ಪೆಟ್ಟಿಗೆ ಕಾಯುತ್ತಿರುವಾಗಲೇ ಸಾಕೆಟ್ಟಿಗೆ ಮುಳ್ಳು ತಾಗಿಸಿದೆ:
ನೂರಾ ತೊಂಬತ್ತೆರಡು.
ಒಂಟಿ ಎಳೆಯನ್ನು ಕ್ಲ್ಯಾಂಪಿನ ಬಾಯಿಗೆ ಕೊಟ್ಟೆ:
ಎರಡು ಪಾಯಿಂಟ್ ಏಳು.
ಅಂಗಿಗೆ ಸಿಕ್ಕಿಸುವ ಚೀಟಿಯ ಹಿಂದೆ ಭಾಗಿಸಿದೆ. ಎಪ್ಪತ್ತೊಂದು ಓಮ್,
ಕಾಯಿಲಿನಲ್ಲಿ ತಪ್ಪಿಲ್ಲ, ಕಂಪನಿಯೂ ಸುಳ್ಳು ಬರೆದಿಲ್ಲ.
ಗುಣಿಸಿದೆ. ಐನೂರಾ ಹದಿನೆಂಟು.

"ಅವ್ವ, ಏಳುನೂರಾ ಐವತ್ತು ನಿನ್ನ ಖೋಲಿಗೆ ಬಂದೇ ಇಲ್ಲ."
"ಅದಕ್ಕs ನೋಡು, ಒಂದು ಕಾಲರಿಗೆ ಮೂರು ಸಲ ತಿಕ್ಕಬೇಕು.
ನನ್ನ ತೋಳು ಸತ್ತದ ಅಂದ್ಕೊಂಡಿದ್ದೆ."

ಇಳಿದು ಮೀಟರಿನ ಬಾಯಲ್ಲಿ ಅಳೆದರೆ ಇನ್ನೂರಾ ಮೂವತ್ತು.
ಅಲ್ಲಿಗೆ ಮೀಟರು ಎಣಿಸುವುದು ಆರುನೂರಾ ಇಪ್ಪತ್ತೊಂದು.
ಅವನು ಏಳುನೂರಾ ಐವತ್ತು ಬಿಡ.
ಇವಳು ಐನೂರಾ ಹದಿನೆಂಟರ ಮೇಲೆ ಪೈಸೆ ಕೊಡಳು.
ಏಳುನೂರಾ ಐವತ್ತಂತೂ ಹಸಿ ಸುಳ್ಳು ಎಂದು
ಮರಾಠಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ಕೈಸನ್ನೆಯಲ್ಲಿ ಹೇಳಿ ಒಪ್ಪಿಸಿದೆ.
ಆದರೆ ನಡುವಿನ ನೂರಾ ಮೂರು?
ಅವನು ಕೊಟ್ಟದ್ದು ನಿಜ. ಇವಳು ಪಡೆಯದ್ದೂ ನಿಜ.

ಹುಡುಕುತ್ತ ಹತ್ತಿದೆ. ಎಪ್ಪತ್ತನೆಯ ಮೆಟ್ಟಿಲ ಬಳಿ
ಯಾರೋ ಎಂದೋ ಹಲ್ಲಿಂದ ಸುಲಿದು ತಿರುಚಿದ ಗಂಟು,
ಹಸಿರು ಕಿಲುಬು ಹಿಡಿದು, ಹನ್ನೊಂದು ಖೋಲಿಗಳ ಭಾರ ಹೊತ್ತು
ಟೇಪು ಕರಗುವಷ್ಟು ಕಾದಿತ್ತು.
ಅದರ ಮೇಲೊಂದು ಕಾಗೆ, ಜನವರಿಯ ಬೆಳಗಿನಲ್ಲಿ
ಕಾಲು ಬೆಚ್ಚಗೆ ಮಾಡಿಕೊಳ್ಳುತ್ತ ಕೂತಿತ್ತು.
ನನ್ನನ್ನು ನೋಡಿ ಸಾಲಗಾರನನ್ನು ಕಂಡಂತೆ
ಅತ್ತ ಮುಖ ತಿರುಗಿಸಿತು.

ಕೆರೆದೆ, ಹೊಸದಾಗಿ ಹೆಣೆದೆ, ಬೆಸುಗೆ ಹಾಕಿದೆ.
ಮೇಲೆ ಹೋಗಿ ಅಳೆದರೆ ಇನ್ನೂರಾ ಹತ್ತೊಂಬತ್ತು! ಆರುನೂರಾ ಎಪ್ಪತ್ತೈದು ವಾಟ್!
ಪಾಸಾದ ಹುಡುಗನ ಹಾಗೆ ಹಲ್ಲು ಕಿರಿದು ನಿಂತೆ.

ಮೊದಲ ಅಂಗಿ, ಖಾಕಿ, ಯಾವನೋ ರಿಕ್ಷಾ ಡ್ರೈವರನದು.
ಅವಳ ಕೈ ರೂಢಿಯಂತೆ ಕಾಲರಿನ ಮೇಲೆ ತಡೆದು ನಿಂತಿತು;
ಎತ್ತುವಷ್ಟರಲ್ಲಿ ಕಂದು ಗೆರೆ, ಕಮಟು ವಾಸನೆ.
"ನಿನ್ನ ಲೆಕ್ಕದಾಗ ನನ್ನ ಕೈ ಎಲ್ಲದ?"
ನಾನು ಚೀಟಿ ಮಡಚಿ ಜೇಬಿಗಿಟ್ಟೆ.

ನಿಂಬೆವ್ವ ಬೆರಳಿಗೆ ಉಗುಳು ಹಚ್ಚಿ ಪೆಟ್ಟಿಗೆಗೆ ಮುಟ್ಟಿಸಿದಳು.
ಚುರ್ ಎಂದದ್ದನ್ನು ಕಿವಿಯಿಟ್ಟು ಕೇಳಿದಳು.
ಮತ್ತೆ ಮುಟ್ಟಿಸಿದಳು.
ಆಮೇಲೆ ಪ್ಲಗ್ ಕಿತ್ತು ಪಕ್ಕಕ್ಕೆಸೆದು
ತಣಿಯುತ್ತಿರುವ ಬಿಸಿಯಲ್ಲೇ, ಮೊದಲು ಜೀನ್ಸು, ಆಮೇಲೆ ಅಂಗಿ,
ಕೊನೆಗೆ ಕರ್ಚೀಫು
ಏಳು ಬಟ್ಟೆ ಮುಗಿಸಿದಳು, ಕೆಳಗೆ ಚಕ್ರ ನಿಂತೇ ಇತ್ತು.