ಹಾಸಿನ ತೂಕ

ಮೊಳಕಾಲ ತೋರಸ್ತಿದ್ದಳು.
ಯಾರು ಕೇಳಿದರೂ ಬಗ್ಗಿ, ಬಟ್ಟಿಟ್ಟು, ಇಲ್ಲಿ ಅಂತ.
ಎಂಟು ತಿಂಗಳು ಆ ಮೊಳಕಾಲಿಗೆ
ಎಳ್ಳೆಣ್ಣಿ ತಿಕ್ಕಿದಿವಿ, ಎಕ್ಕಿ ಎಲಿ ಕಾಸಿ ಕಟ್ಟಿದಿವಿ,
ಅಕ್ಕಲಕೋಟಿ ಕಡೆ ಒಬ್ಬ ಮುದುಕನ ಕೈಲೆ ಎಳಸಿದಿವಿ.
ಅದಕ್ಕ ಏನೂ ಆಗಿರಲಿಲ್ಲ, ಪಾಪ, ಆ ಮೊಳಕಾಲಿಗೆ.

ಸುಗಲಾ. ಆರು ದಾಟಿ ಏಳು.
ಸಾಲ್ಯಾಗ ಮರಾಠಿ, ಮನ್ಯಾಗ ಕನ್ನಡ,
ಓಣ್ಯಾಗ ತೆಲುಗು ಹುಡುಗರ ಕೂಡ ಕುಂಟಾಬಿಲ್ಲೆ.
ಆಟಕ್ಕ ಕುಂಟತಾಳ ಅಂದಕೊಂಡಿವಿ.
ಆಟ ಮುಗೀತು, ಕುಂಟೂದು ಮುಗೀಲಿಲ್ಲ.

ನಂದು ರಾತ್ರಿ ಪಾಳಿ. ನಾಕು ಮಗ್ಗ, ಚಾದರು.
ಆ ಸದ್ದಿನಾಗ ಪಕ್ಕದಾಂವ ಸತ್ತರೂ ಗೊತ್ತಾಗೂದಿಲ್ಲ.
ಕೂಸು ನಿದ್ದ್ಯಾಗ ಚೀರತದ, ಅಂತಿದ್ದಳು ಚಂದವ್ವ.
ಕನಸು ಬಿದ್ದಿರಬೇಕು, ಅಂತಿದ್ದೆ ನಾ.
ಒಂದಿನ ಕರೆಂಟು ಹೋತು, ಎರಡಕ್ಕ ಮನಿಗೆ ಬಂದೆ.
ಚಿಲಕಕ್ಕ ಕೈ ಹಾಕಿದ್ದೆ,
ಒಂದ ಚೀರು.
ಹಾಸಿನ ನೂರು ಎಳಿ ಒಮ್ಮೆಲೆ ಹರದಂಗ.
ಒಳಗ ಹೋದರ ಮಲಗ್ಯಾಳ. ಕಣ್ಣು ಮುಚ್ಚ್ಯಾವ.
ಚಂದವ್ವ ಕತ್ತಲದಾಗ ಎದ್ದು ಕುಂತಾಳ,
ನನ್ನ ಕಡೆ ನೋಡತಾಳ, ಏನೂ ಅನ್ನೂದಿಲ್ಲ.
ಮುಂಜಾನೆ ಕೇಳಿದರ
"ನಾ ಯಾಕ ಚೀರಲಿ?" ಅಂತ ಚಹಾದಾಗ ಖಾರಿ ಅದ್ದತಾಳ.

ಸೋಲಾಪುರದ ದೊಡ್ಡ ದವಾಖಾನಿ.
"ಕುಠಂ ದುಖತಂಯ, ಬಾಳಾ?" ಡಾಕ್ಟರ್ ಬಾಯಿ ಕೇಳಿದಳು.
ಬಟ್ಟು ಮತ್ತ ಮೊಳಕಾಲಿಗೆ.
ಆಕಿ ಮೊಳಕಾಲ ನೋಡಲೇ ಇಲ್ಲ.
ಕಾಲೆತ್ತಿ ತೊಡಿ ಒಳಕ್ಕ ತಿರುವಿದಳು, ಬರೇ ಇಷ್ಟ,
ಸುಗಲಾ ನನ್ನ ಅಂಗಿ ಹರಿಯೂಹಂಗ ಹಿಡದಳು.
ಚಪ್ಪಿ ಕೀಲಿಗೆ ಕ್ಷಯ ಅಂದಳು.
ನೋವು ಒಂದು ಕಡೆ ಇರತದ, ಇನ್ನೊಂದು ಕಡೆ ಮಾತಾಡತದ.
ಹಗಲೆಲ್ಲ ಬಿಗಿಹಿಡದು ಕೀಲು ಕಾಯೋ ಮಾಂಸ
ನಿದ್ದ್ಯಾಗ ಕಾವಲು ಬಿಡತದಂತ,
ಎಲುವಿಗೆ ಎಲುವು ತಾಗತದಂತ. ಅದು ಆ ಚೀರು.

ಆಮ್ಯಾಲೆ ಕೇಳಿದಳು: ಮನ್ಯಾಗ ಯಾರಿಗರ ಕೆಮ್ಮು?

ಈ ಊರಾಗ ಯಾರಿಗಿಲ್ಲ ಬಾಯಿ, ನೂಲಿನ ಧೂಳು,
ಅನ್ನಾಂವ ಇದ್ದೆ.
ಚಂದವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರ ಚಲೋ ಇತ್ತು.
ಮೂರು ವರ್ಷದ ಹಿಂದಿನ ಗುಳಿಗಿ ಪಾಕೀಟು,
ಎರಡು ತಿಂಗಳು ನುಂಗಿ, ಮೈ ಹಗರಾತು ಅಂತ ಬಿಟ್ಟದ್ದು,
ಉಳದದ್ದು ಮಾಡದಾಗ ಇಟ್ಟದ್ದು.
ಅದ ಮಾಡದ ಕೆಳಗ ನನ್ನ ಎದಿ ಮ್ಯಾಲೆ ಮಲಗತಿದ್ದಳು.
"ನನಗ," ಅಂದೆ.
ಬರಕೊಂಡಳು. ಬೈಲಿಲ್ಲ. ಬರೇ ಬರಕೊಂಡಳು.

ಮಂಚದ ಕಾಲದೆಸಿಗೆ ಇಟ್ಟಂಗಿ ಕೊಟ್ಟು ಎತ್ತರಿಸಿದರು.
ಕಾಲಿಗೆ ಪಟ್ಟಿ, ಪಟ್ಟಿಗೆ ಹಗ್ಗ,
ಹಗ್ಗ ಗಾಲಿ ಮ್ಯಾಲಿಂದ ಇಳದು, ಕೊನಿಗೆ ಮರಳಿನ ಚೀಲ.
ಕೂಸಿಗೆ ಭಾರ ಕಟ್ಟ್ಯಾರ ಅಂತ ಚಂದವ್ವ ಅತ್ತಳು.
ನನಗ ತಿಳೀತು.
ಇಡೀ ದವಾಖಾನ್ಯಾಗ ಇದೊಂದ ನನಗ ತಿಳಿಯೂವಂಥ ಔಷಧ:
ಬೀಮಿಗೆ ತೂಕ ಕಟ್ಟದಿದ್ದರ ಹಾಸು ಸಡಿಲಾಗತದ,
ಸಡಿಲಾದರ ಎಳಿಗೆ ಎಳಿ ತಿಕ್ಕಿ ಹರೀತದ.
ಎದ್ದು ಹಗ್ಗ ಮುಟ್ಟಿ ನೋಡಿದೆ. ಬಿಗಿ ಸರಿ ಇತ್ತು.
ಒಂಬತ್ತನೇ ರಾತ್ರಿ ಆಕಿ ಚೀರಲಿಲ್ಲ.
ಚೀರದೇ ಇರೂದನ್ನ ಕೇಳಕೋತ ಬೆಳತನಕಾ ಕುಂತಿದ್ದೆ.

ಈಗ ಮನ್ಯಾಗ ಇದ್ದೀವಿ. ಖಾಲಿ ಹೊಟ್ಟಿಲೆ ಇಬ್ಬರೂ,
ಆಕಿದು ನೀರಾಗ ಕರಗಿಸಿ ಕುಡಿಯೂದು, ನಂದು ನುಂಗೂದು.
ಬಚ್ಚಲದಾಗಿಂದ ಕೂಗತಾಳ:
"ಅಪ್ಪಾ, ನಂದು ಕೇಸರಿ ಬಂತು! ನಿಂದು?"
ನಂದೂ ಬಂತವ್ವಾ.
ಎಡಗಾಲು ಒಂದು ಬಟ್ಟು ಗಿಡ್ಡ ಉಳೀತದ ಅಂದಾರ.
ಚಪ್ಪಲಿಗೆ ಅಟ್ಟಿ ಏರಸಬೇಕು, ಯಾವ ಬಣ್ಣದ್ದು ಅಂತ
ತಾಯಿ ಮಗಳು ದಿನಾ ಜಗಳಾಡತಾರ.

ಕ್ಯಾಲೆಂಡರಿನ ಮ್ಯಾಲೆ ಗೀಟು ಹಾಕೂದು ಆಕಿ ಕೆಲಸ.
ದಿನಕ್ಕ ಎರಡು: ಒಂದು ಆಕಿದು, ಒಂದು ನಂದು.
ನಿನ್ನೆ ಪಾಳಿ ಮುಗಿಸಿ ಬಂದಾಂವ ಹಂಗ ಒರಗಿದ್ದೆ.
ಪೆನ್ಸಿಲ್ ಹಿಡದು, ಗ್ವಾಡಿ ಹಿಡದು, ಒಂದ ಕಾಲ ಮ್ಯಾಲೆ ನಿಂತಾಳ.
"ನಿಂದು ಹಾಕಿಲ್ಲ," ಅಂದಳು.
"ಏಳು. ಮೊದಲ ನುಂಗು."